ಗಾಳಿಯಮ್ಮನ ಬಾಯಿ

ಮಡಚುವ ಕುರ್ಚಿಗಳನ್ನು ಕಂಕುಳಲ್ಲಿ ಎರಡು, ಕೈಯಲ್ಲಿ ಎರಡು ಹಿಡಿದುಕೊಂಡು ಮೊಣಕಾಲಿನಿಂದ ಬಾಗಿಲು ತಳ್ಳಿದ ಡಾಕ್ಟರ ಮಗಳಿಗೆ ಮೊದಲು ಕಂಡದ್ದು ಅತ್ತೆಯ ದೇಹವಲ್ಲ, ಅದರ ತಲೆಯ ಬಳಿ ಸ್ಟೂಲಿನ ಮೇಲಿಟ್ಟಿದ್ದ ಮಣ್ಣಿನ ಗೊಂಬೆ, ಗಾಳಿಯಮ್ಮ. ಗೊಂಬೆಗೆ ಹಲ್ಲು ಬಂದಿತ್ತು.

ಕುರ್ಚಿಗಳನ್ನು ಗೋಡೆಗೆ ಒರಗಿಸಿ ಹತ್ತಿರ ಹೋದಳು. ಅನುಮಾನವೇ ಇಲ್ಲ. ಮೇಲೊಂದು ಸಾಲು, ಕೆಳಗೊಂದು ಸಾಲು. ಕ್ಲಿನಿಕ್ಕಿನ ಡ್ರಾಯರಿನಲ್ಲಿ ಮೇಣದ ಪಟ್ಟಿಗೆ ಅಂಟಿಸಿಟ್ಟಿರುತ್ತಾರಲ್ಲ, ಆ ಸಿದ್ಧ ಹಲ್ಲುಗಳು, ತೀರ ಚಿಕ್ಕ ಅಳತೆಯವು. ಮಣ್ಣಿನ ವಸಡನ್ನು ಚೂರಿಯಿಂದ ಕೊರೆದು ಕಾಲುವೆ ಮಾಡಿ, ಒಂದೊಂದನ್ನೇ ಕೂರಿಸಿ, ಬುಡಕ್ಕೆ ಗುಲಾಬಿ ಮೇಣ ತೀಡಲಾಗಿತ್ತು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಅವಳಿಗೆ ಸಿಟ್ಟು ಉಕ್ಕಿದ್ದು ಆ ಅಚ್ಚುಕಟ್ಟು ನೋಡಿ.

"ಈಗ ಲಕ್ಷಣವಾಗಿದೆ ನೋಡು," ಎಂದಳು ಮುಂದಿನ ಸಾಲಿನಲ್ಲಿ ಕೂತಿದ್ದ ಬೇಕರಿಯವನ ತಾಯಿ. "ಮೊದಲು ಬೊಚ್ಚುಬಾಯಿ ಇತ್ತಂತೆ. ಸಾವಿನ ಮನೇಲಿ ಬೊಚ್ಚುಬಾಯಿ ಬಿಟ್ಕೊಂಡು ನಗೋ ಗೊಂಬೇನ ಇಡೋಕಾಗುತ್ತಾ ಹೇಳು? ನಿಮ್ಮಪ್ಪ ಬೆಳಗ್ಗೆ ಬೆಳಗ್ಗೆ ಕೂತು ಹಲ್ಲು ಕೂರಿಸಿದ್ರಂತೆ. ತಂಗಿ ಅಂದ್ರೆ ಎಷ್ಟು ಪ್ರೀತಿ ಅಂತೀನಿ."

"ಹಲ್ಲಕ್ಕ ಅಂತ ಹೆಸರಿಟ್ಕೊಂಡು ಬೊಚ್ಚುಬಾಯಿ ಮಾಡಿದ್ರೆ ಹೆಂಗೆ?" ಎಂದು ಹಿಂದಿನಿಂದ ಯಾರೋ ಅಂದರು. ಸಾವಿನ ಮನೆಯಲ್ಲಿ ನಗಬಹುದಾದಷ್ಟು ಸಣ್ಣಗೆ ಎಲ್ಲರೂ ನಕ್ಕರು.

ನಗುವಾಗ ಕಂಡ ಹಲ್ಲುಗಳಲ್ಲಿ ಅರ್ಧದಷ್ಟು ಅಲ್ಲಿ ಮಲಗಿದ್ದ ಹಲ್ಲಕ್ಕ ಮಾಡಿದ್ದು. ಬೇಕರಿಯವನ ತಾಯಿಯ ಎರಡೂ ಸಾಲು ಅವಳದೇ. ಕ್ಲಿನಿಕ್ಕಿನ ಬಾಗಿಲ ಮೇಲಿನ ಬೋರ್ಡಿನಲ್ಲಿ ಹಲ್ಲಿನ ಡಾಕ್ಟರಾದ ಅಣ್ಣನ ಹೆಸರು, ಕೆಳಗೆ ‘ಹಲ್ಲಿನ ಸೆಟ್ಟುಗಳು ಇಲ್ಲಿಯೇ ತಯಾರಾಗುತ್ತವೆ’ ಎಂಬ ಸಾಲು. ಯಾರಿಂದ ತಯಾರಾಗುತ್ತವೆ ಎಂದು ಬರೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಡಾಕ್ಟರು ಬಾಗಿಲ ಬಳಿ ಬಂದವರ ಕೈಹಿಡಿದು ಮಾತಾಡಿಸುತ್ತ ನಿಂತಿದ್ದರು. ಇಸ್ತ್ರಿಯ ಬಿಳಿ ಅಂಗಿ. ಉಗುರಿನ ಸಂದಿಯಲ್ಲಿ ಮಾತ್ರ ಮಣ್ಣು ಉಳಿದಿತ್ತು.

"ಅಪ್ಪ, ಗಾಳಿಯಮ್ಮನಿಗೆ ಏನು ಮಾಡಿದ್ರಿ?"

"ಮುಗಿಸಿದೆ. ಪಾಪ, ಅರ್ಧಕ್ಕೇ ಬಿಟ್ಟು ಹೋಗಿದ್ಲು."

"ಅರ್ಧ ಅಂತ ನಿಮಗೆ ಹೇಳಿದ್ದು ಯಾರು?"

"ಬಾಯಿ ತೆರೆದಿದೆ, ಒಳಗೆ ಹಲ್ಲಿಲ್ಲ. ಅರ್ಧ ಅಲ್ಲದೆ ಏನದು?" ಡಾಕ್ಟರು ಅವಳ ಭುಜದಾಚೆ ಹೊಸದಾಗಿ ಬಂದವರ ಕಡೆ ನೋಡಿದರು. "ಹೋಗು, ಜನ ನಿಂತಿದ್ದಾರೆ, ಕುರ್ಚಿ ಹಾಕು."

* * *

ಹಲ್ಲಕ್ಕ ಮಣ್ಣಿಗೆ ಕೈಹಾಕಿದ್ದು ಐವತ್ತು ದಾಟಿದ ಮೇಲೆ. ಲೈಬ್ರರಿಯ ಮಹಡಿಯಲ್ಲಿ ಸಂಜೆ ಹೊತ್ತು ಮಣ್ಣಿನ ಕೆಲಸ ಕಲಿಸುತ್ತಾರೆ ಎಂದು ಅಂಗಿ ಹೊಲಿಯಲು ಕೊಟ್ಟಾಗ ದರ್ಜಿ ಹೇಳಿದ್ದ. ಅವನೂ ಅಲ್ಲಿ ಕಲಿಯುತ್ತಿದ್ದ, ಬರೀ ಹೂಜಿ ಮಾಡುತ್ತಿದ್ದ. ಹಲ್ಲಕ್ಕನಿಗೆ ಹೂಜಿ ಬೇಕಿರಲಿಲ್ಲ. "ದಿನವಿಡೀ ಇನ್ನೊಬ್ಬರ ಅಳತೆಗೆ ಮಾಡಿದ್ದೇ ಆಯ್ತು. ಅಳತೆ ಕೊಡೋಕೆ ಯಾರೂ ಇಲ್ಲದವರನ್ನ ಮಾಡಬೇಕು," ಎಂದಳಂತೆ.

ಹಾಗೆಂದವಳು ಮೊದಲ ದಿನವೇ ಮಾಡಿದ್ದು, ಸಾಲಿನಲ್ಲಿ ಯಾವಾಗಲೂ ಕೊನೆಗೇ ಉಳಿಯುವ ಒಬ್ಬ ಮನುಷ್ಯನನ್ನು. ಮುಂದಿನವರ ಭುಜ ಮುಟ್ಟಿ ಮುಟ್ಟಿ ಅವನ ಒಂದು ಕೈ ಮೊಳಕಾಲಿನವರೆಗೆ ಬೆಳೆದಿತ್ತು. ಆಮೇಲೆ ಮೇಲಧಿಕಾರಿಗೆ ಕೊಡದೆ ಉಳಿಸಿಕೊಂಡ ಉತ್ತರಗಳನ್ನು ಕೆನ್ನೆಯಲ್ಲಿ ತುಂಬಿಕೊಂಡ ಗುಮಾಸ್ತ. ಆಮೇಲೆ ಅರ್ಧ ಕಾಗೆ, ಅರ್ಧ ಬಸ್ ಕಂಡಕ್ಟರ್. ಕಲ್ಪನೆಗೆ ಕೊರತೆ ಇರಲಿಲ್ಲ, ಕೈಗೆ ಮಣ್ಣಿನ ಸ್ವಭಾವ ತಿಳಿಯದು. ಸಾಲಿನ ಮನುಷ್ಯ ಒಣಗುವ ಮೊದಲೇ ಮಂಡಿಯೂರಿದ. ಗುಮಾಸ್ತನ ಹೊಟ್ಟೆಯನ್ನು ಟೊಳ್ಳು ಮಾಡದೆ ಸುಟ್ಟದ್ದರಿಂದ ಗೂಡಿನಲ್ಲೇ ಸಿಡಿದು, ದರ್ಜಿಯ ಹೂಜಿಗಳನ್ನೂ ಒಡೆದ. "ಸತ್ತರೂ ಗುಮಾಸ್ತ ಗುಮಾಸ್ತನೇ, ಪಕ್ಕದವರ ಕೆಲಸ ಕೆಡಿಸಿದ," ಎಂದು ದರ್ಜಿ ಗೊಣಗಿದ್ದ.

ಆದರೆ ಎಲ್ಲ ಗೊಂಬೆಗಳಿಗೂ ಹಲ್ಲು ಮಾತ್ರ ನಿಖರವಾಗಿದ್ದವು. ಕಾಗೆ ಕಂಡಕ್ಟರನಿಗೂ ಕೊಕ್ಕಿನೊಳಗೆ ದವಡೆಹಲ್ಲು. ಒಂದು ಸಂಜೆ ಮಣ್ಣಿನ ಮೇಷ್ಟ್ರು ಅವುಗಳನ್ನು ಸಾಲಾಗಿ ಇಟ್ಟು ನೋಡಿ, "ನೀವು ಮುಖ ಮಾಡ್ತಿಲ್ಲ. ಹಲ್ಲು ಮಾಡಿ ಅದರ ಸುತ್ತ ಮುಖ ಅಂಟಿಸ್ತಿದ್ದೀರಿ," ಎಂದುಬಿಟ್ಟರು.

ಹಲ್ಲಕ್ಕ ಮನೆಗೆ ಬಂದವಳೇ ಸೋದರಸೊಸೆಯ ಮುಂದೆ ಹಾರಾಡಿದ್ದಳು. "ಅವನ ತಲೆ! ಅವನ ಮುಂದಿನ ಹಲ್ಲು ಎರಡೂ ಸೊಟ್ಟ, ನನಗೆ ಹೇಳೋಕೆ ಬರ್ತಾನೆ." ಮರುದಿನ ಬೆಳಗ್ಗೆ ಪ್ಲಾಸ್ಟರು ಕಲಸುತ್ತ, ತಲೆಯೆತ್ತದೆ, "ಅವನು ಹೇಳಿದ್ದು ನಿಜ ಕಣೇ," ಎಂದಳು.

ಅಲ್ಲಿಂದ ಮುಂದೆ ಬಹಳ ಕಾಲ ಬಾಯಿ ಮುಚ್ಚಿದವರನ್ನೇ ಮಾಡಿದಳು. ಅಂಗೈಯಿಂದ ಮುಚ್ಚಿಕೊಂಡವರು, ಮಫ್ಲರು ಸುತ್ತಿಕೊಂಡವರು, ಕಹಳೆ ಊದುವವರು. ಡಾಕ್ಟರ ಮಗಳು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಎಲ್ಲಿಯಾದರೂ ನಯವಾದ ಜೇಡಿ ಸಿಕ್ಕರೆ ಡಬ್ಬಿ ತುಂಬಿ ತರುತ್ತಿದ್ದಳು. "ರೈತರ ಹೊಲಕ್ಕೆ ಏನು ಹಾಕಬೇಕು ಅಂತ ಹೇಳ್ತೀಯಲ್ಲ, ನನ್ನ ಕೈಗೆ ಏನು ಹಾಕಬೇಕು ಹೇಳು," ಎಂದು ಅತ್ತೆ ಕೆಣಕುತ್ತಿದ್ದಳು.

ಕೊನೆಗೆ ಬಂದವಳು ಗಾಳಿಯಮ್ಮ. ಸೌಟಿನಂಥ ಕಿವಿ, ಕಾಗೆಯ ಕಾಲು, ಮೈಗಿಂತ ದೊಡ್ಡ ಬಾಯಿ. ಊರಿನ ಗಾಳಿಮಾತುಗಳನ್ನೆಲ್ಲ ಹಿಡಿದು ನುಂಗುವುದು ಅವಳ ಕಸುಬು. ಬಾಯಿ ಪೂರ್ತಿ ತೆರೆದು, ಗಂಟಲು ಕಾಣುವಂತೆ ನಗುತ್ತಿದ್ದಳು. ಒಳಗೆ ಒಂದು ಹಲ್ಲೂ ಇರಲಿಲ್ಲ.

"ಹಲ್ಲಿದ್ದರೆ ಕಚ್ತಾಳೆ," ಎಂದಿದ್ದಳು ಹಲ್ಲಕ್ಕ. "ಇವಳು ಯಾರನ್ನೂ ಕಚ್ಚೋಳಲ್ಲ. ನುಂಗಿ ನಗ್ತಾಳೆ, ಅಷ್ಟೇ."

ಮೇಷ್ಟ್ರು ಮನೆಗೇ ಬಂದು ನೋಡಿ, ಸುತ್ತ ಒಂದು ಸಲ ನಡೆದು, "ಇದು ಪ್ರದರ್ಶನಕ್ಕೆ," ಎಂದರು. ಅವರು ಹೋದ ಮೇಲೆ ಹಲ್ಲಕ್ಕ ಗೊಂಬೆಗೆ ಒಣಗದ ಹಾಗೆ ಒದ್ದೆ ಬಟ್ಟೆ ಸುತ್ತಿಟ್ಟು, ನಲ್ಲಿಯ ಕೆಳಗೆ ಕೈ ತೊಳೆಯುತ್ತ "ಮುಗೀತು" ಎಂದಳು. ಅದುವರೆಗೆ ತಾನು ಮಾಡಿದ ಯಾವ ಗೊಂಬೆಯ ವಿಷಯದಲ್ಲೂ ಆ ಮಾತನ್ನು ಅವಳು ಆಡಿದ್ದೇ ಇರಲಿಲ್ಲ. ಅದಾದ ಒಂದು ವಾರಕ್ಕೆ, ಸಂಜೆಯ ಚಹಾ ಮುಗಿಸಿ ಮೇಲೇಳುವಾಗ, ಅವಳ ಹೃದಯ ನಿಂತಿತು.

* * *

ಮೇಷ್ಟ್ರು ದರ್ಜಿಯ ಜೊತೆ ಬಂದಾಗ ಹಜಾರ ಪೂರ್ತಿ ತುಂಬಿತ್ತು. ದೇಹದ ಮುಂದೆ ನಿಂತು ಹೂವಿಟ್ಟರು. ತಲೆ ಎತ್ತಿದಾಗ ಗೊಂಬೆ ಕಂಡಿತು.

"ಯಾರು ಮಾಡಿದ್ದು ಇದು?"

"ಹಲ್ಲಾ? ನಾನೇ," ಎಂದರು ಡಾಕ್ಟರು. ತಂಗಿ ಸತ್ತ ದುಃಖದ ನಡುವೆಯೂ ದನಿಯಲ್ಲಿ ಒಂದು ಎಳೆ ಸಂತೋಷ ಇಣುಕಿತು.

ಮೇಷ್ಟ್ರು ಬಾಗಿ ನೋಡಿದರು. ಬೆರಳು ಚಾಚಿ, ಮುಟ್ಟದೆ ಹಿಂದೆಗೆದರು. "ಡಾಕ್ಟ್ರೇ, ಇದನ್ನ ಇವತ್ತು ತಗೊಂಡು ಹೋಗಿ ನೆರಳಲ್ಲಿ ಒಣಗಿಸಿ ಸುಡಬೇಕು ಅಂತ ಬಂದೆ. ಪ್ಲಾಸ್ಟಿಕ್ ಹಲ್ಲು ಇಟ್ಕೊಂಡು ಸುಡೋಕಾಗಲ್ಲ. ಕರಗಿ ಬಾಯೆಲ್ಲ ಕರಿ ಹಿಡಿಯುತ್ತೆ."

"ಸುಡೋದು ಯಾಕೆ? ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ ಇಡ್ತೀನಿ."

"ಸುಡದಿದ್ದರೆ ಅದು ಬರೀ ಮಣ್ಣು. ಒಂದು ತೊಟ್ಟು ನೀರು ಬಿದ್ದರೂ ಕರಗುತ್ತೆ."

"ಬೀರುವಿನೊಳಗೆ ನೀರು ಎಲ್ಲಿಂದ ಬೀಳುತ್ತೆ? ಬಂದೋರೆಲ್ಲ ನೋಡ್ತಾರೆ. ನಮ್ಮಲ್ಲಿ ಹಲ್ಲು ಹೀಗೆ ಕೂರಿಸ್ತೀವಿ ಅಂತ ತೋರಿಸೋಕೂ ಆಗುತ್ತೆ."

ಕೈಯಲ್ಲಿದ್ದ ನೀರಿನ ಲೋಟಗಳ ತಟ್ಟೆಯನ್ನು ಮಗಳು ಕುರ್ಚಿಯ ಮೇಲೆ ಕುಕ್ಕಿದಳು. "ತೋರಿಸೋಕಾ? ಅತ್ತೆ ಇನ್ನೂ ಮನೆ ಬಿಟ್ಟಿಲ್ಲ ಅಪ್ಪ, ಆಗಲೇ ನಿಮ್ಮ ಕ್ಲಿನಿಕ್ಕಿಗೆ ಜಾಹೀರಾತಾ?"

"ಶ್... ಜನ ಇದ್ದಾರೆ," ಎಂದಳು ಅವಳ ತಾಯಿ.

"ಇರಲಿ ಜನ. ಈ ಜನ ತಿನ್ನೋದು ಅತ್ತೆ ಮಾಡಿದ ಹಲ್ಲಲ್ಲಿ, ಹೊಗಳೋದು ಅಪ್ಪನ ಕೈಗುಣ. ಅದಕ್ಕೆ ಅತ್ತೆ ಒಂದು ದಿನವೂ ಬಾಯಿ ಬಿಟ್ಟು ಮಾತಾಡಲಿಲ್ಲ. ತನ್ನದು ಅಂತ ಇಟ್ಕೊಂಡಿದ್ದು ಇದೊಂದೇ. ಅದಕ್ಕೂ ಕೈ ಹಾಕಿ ಮುಗಿಸಿದೆ ಅಂತಾರೆ!"

ಬೇಕರಿಯವನ ತಾಯಿ ತುಟಿಗಳನ್ನು ಒಳಕ್ಕೆ ಎಳೆದುಕೊಂಡಳು.

"ನಿನಗೆ ಆಯಾಸವಾಗಿದೆ," ಎಂದರು ಡಾಕ್ಟರು. ರೋಗಿಗಳ ಜೊತೆ ಆಡುವ, ಏರದ ಇಳಿಯದ ದನಿ. "ಒಳಗೆ ಹೋಗಿ ಸ್ವಲ್ಪ ಕೂತ್ಕೋ."

"ಹೋಗ್ತೀನಿ." ಅವಳು ಗಾಳಿಯಮ್ಮನನ್ನು ಹಲಗೆಸಮೇತ ಎತ್ತಿಕೊಂಡಳು. ಮೇಷ್ಟ್ರ ಕಡೆ ತಿರುಗಿ, "ನೀವು ಸರಿಮಾಡ್ತೀರಾ ಸರ್?" ಎಂದಳು.

"ನಾನು ಮುಟ್ಟಲ್ಲಮ್ಮ. ಒಂದ್ಸಲ ಅವರ ಗೊಂಬೆಯ ಕಿವಿ ತಿದ್ದಿದ್ದಕ್ಕೆ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ರು. ಆದರೆ ಯಾರೇ ಮಾಡಲಿ, ಈಗಲೇ ಮಾಡಬೇಕು. ಈ ಫ್ಯಾನಿನ ಗಾಳಿಗೆ ತುಟಿ ಆಗಲೇ ಬಿಳಿಚಿಕೊಳ್ತಿದೆ. ಒಣಗಿದ್ದಕ್ಕೆ ಹೊಸ ಮಣ್ಣು ಹತ್ತಲ್ಲ."

"ಕೆಡಿಸಿದ್ದು ನಮ್ಮ ಮನೆಯವರು," ಎಂದಳು ಮಗಳು. "ನಮ್ಮ ಮನೆಯವರೇ ಸರಿಮಾಡ್ತೀವಿ."

ಮನೆಗೆ ಅಂಟಿಕೊಂಡಿದ್ದ ಕ್ಲಿನಿಕ್ಕಿನ ಹಿಂದಿನ ಲ್ಯಾಬು ಅತ್ತೆ ಬಿಟ್ಟುಹೋದ ಹಾಗೇ ಇತ್ತು. ಪ್ಲಾಸ್ಟರು ಮೆತ್ತಿದ ಬೋಗುಣಿ, ಮೇಣ ಕರಗಿಸುವ ದೀಪ, ಕಪಾಟಿನ ತುಂಬ ಊರಿನವರ ದವಡೆಗಳ ಅಚ್ಚುಗಳು. ಅವಳು ಗೊಂಬೆಯನ್ನು ಮೇಜಿನ ಮೇಲಿಟ್ಟು, ಚಿಮಟದಿಂದ ಮುಂದಿನ ಒಂದು ಹಲ್ಲು ಹಿಡಿದು ಎಳೆದಳು. ಹಲ್ಲು ಬಂತು, ಜೊತೆಗೆ ತುಟಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕೂ ಬಂತು.

"ಹಾಗೆ ಎಳೀಬಾರದು." ಡಾಕ್ಟರು ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದರು. "ಮೇಣ ಬಿಸಿ ಮಾಡಿ ಸಡಿಲಿಸಬೇಕು."

"ನೀವು ಹೇಳಿಕೊಡಬೇಡಿ."

ಆದರೆ ದೀಪ ಹಚ್ಚಿದಳು. ಕಾದ ಚಮಚೆಯ ತುದಿಯಿಂದ ಮೇಣ ಕರಗಿಸಿ ಒಂದೊಂದನ್ನೇ ತೆಗೆದಳು. ಹಲ್ಲು ಹೋದಲ್ಲೆಲ್ಲ ಗುಂಡಿ. ವಸಡಿನ ದಿಣ್ಣೆಯನ್ನು ಅಪ್ಪ ಪೂರ್ತಿ ಕೊರೆದು ತೆಗೆದಿದ್ದರು, ಬಲಗಡೆ ಇನ್ನೂ ಆಳಕ್ಕೆ.

"ಇಲ್ಲಿ ಯಾಕೆ ಇಷ್ಟು ಕೊರೆದಿದ್ದೀರಿ? ಹಲ್ಲು ಕೂರೋಕೆ ಇಷ್ಟು ಬೇಕಿರಲಿಲ್ಲವಲ್ಲ."

ಡಾಕ್ಟರು ಮೇಜಿನ ಮೇಲೆ ಬಿದ್ದಿದ್ದ ಹಲ್ಲುಗಳನ್ನು ಒಂದು ಕಡೆ ಸರಿಸಿದರು.

"ಹೇಳಿ ಅಪ್ಪ! ಹುಣ್ಣು ಕೆರೆದ ಹಾಗೆ ಕೆರೆದಿದ್ದೀರಿ."

"ಅಲ್ಲೊಂದು ಗಂಟಿತ್ತು," ಎಂದರು. "ಮೂಳೆಯ ಗಂಟು. ಎಲ್ಲರಿಗೂ ಇರಲ್ಲ. ಆ ಬಾಯಿ ಯಾರದು ಗೊತ್ತಾ ನಿನಗೆ? ನನ್ನದು. ನನ್ನ ಬಾಯನ್ನ ಮಣ್ಣಲ್ಲಿ ಮಾಡಿ ಊರಿಗೆಲ್ಲ ತೋರಿಸೋಕೆ ಹೊರಟಿದ್ಲು."

* * *

ಡಾಕ್ಟರ ವಸಡು ಬಹಳ ಹಿಂದೆಯೇ ಕೆಟ್ಟಿತ್ತು. ಊರಿನವರ ಬಾಯಿ ನೋಡುತ್ತ ತಮ್ಮದನ್ನು ನೋಡಿಕೊಂಡಿರಲಿಲ್ಲ. ದೂರದ ಊರಿನಲ್ಲಿ ಸಮ್ಮೇಳನ ಎಂದು ಹೇಳಿ ಹೋಗಿ, ಹಳೆಯ ಸಹಪಾಠಿಯ ಕೈಯಲ್ಲಿ ಎಲ್ಲವನ್ನೂ ತೆಗೆಸಿಕೊಂಡರು. ವಸಡು ಮಾಯುವವರೆಗೆ ಅಲ್ಲೇ ಇದ್ದು, ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ನೇರ ತಂಗಿಯ ಲ್ಯಾಬಿಗೆ ಬಂದರು.

"ಯಾರಿಗೂ ಗೊತ್ತಾಗಬಾರದು ಪುಟ್ಟಿ," ಎಂದರು. "ಹಲ್ಲಿಲ್ಲದ ಹಲ್ಲಿನ ಡಾಕ್ಟರ ಹತ್ತಿರ ಯಾರು ಬರ್ತಾರೆ?"

"ಕೂತ್ಕೋ. ಆ ಅನ್ನು ಅಣ್ಣ."

ಅಳತೆ ತೆಗೆಯುವ ಅಂಟು ತುಂಬಿದ ತಟ್ಟೆಯನ್ನು ಅವಳು ಬಾಯೊಳಗೆ ಒತ್ತಿದಳು. ಹೆಚ್ಚಾದ ಅಂಟು ತುಟಿಯಿಂದ ಇಳಿದು ಗಲ್ಲ ದಾಟಿ ಕಾಲರಿಗೆ ಬಂತು.

"ಅಮ್ಮ ಇದ್ದಿದ್ರೆ ಜೊಲ್ಲುಬಟ್ಟೆ ಕಟ್ಟಿರೋಳು," ಎಂದಳು ಹಲ್ಲಕ್ಕ.

ತಟ್ಟೆ ಹೊರಬಂದದ್ದೇ ಡಾಕ್ಟರು ನಕ್ಕುಬಿಟ್ಟರು. ಹುಡುಗನಾಗಿದ್ದಾಗಿನಿಂದಲೂ ತುಟಿ ಬಿಗಿದು ನಗುವ ಮನುಷ್ಯ. ಅಂದು ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಕೆನ್ನೆಗಳು ಒಳಗೆ ಹೋಗಿ, ಕಣ್ಣು ಮುಚ್ಚಿ, ಗಂಟಲಿನವರೆಗೆ ಬಾಯಿ ತೆರೆದು ನಕ್ಕರು. ಅಣ್ಣ ತಂಗಿ ಇಬ್ಬರೂ ಮೇಜು ಹಿಡಿದುಕೊಂಡು ನಕ್ಕರು.

ಆಮೇಲೆ ಅವಳು ಮಾಡಿದ ಸೆಟ್ಟನ್ನು ಯಾರೂ ಗುರುತಿಸಲಿಲ್ಲ. ಮೊದಲಿನ ಹಾಗೇ ಕೆಳಗಿನ ಒಂದು ಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಏರಿತ್ತು, ಚಹಾದ ಬಣ್ಣವೂ ಇತ್ತು. ಹೆಂಡತಿಗೆ ತಿಳಿಯದೆ ಇರುವುದು ಸಾಧ್ಯವಿರಲಿಲ್ಲ, ಆದರೆ ಅವಳು ತಿಳಿಯದವಳ ಹಾಗೇ ಇದ್ದಳು. ಸೆಟ್ಟು ಹಾಕಿಕೊಂಡ ದಿನದಿಂದ ಡಾಕ್ಟರು ಮತ್ತೆ ತುಟಿ ಬಿಗಿದೇ ನಕ್ಕರು.

* * *

ಇಷ್ಟನ್ನೂ ಹೇಳಿ ಮುಗಿಸಿದ ಅಪ್ಪನ ಮುಖವನ್ನು ಮಗಳು ನೋಡಿದಳು. ಚಿಕ್ಕಂದಿನಿಂದ ನೋಡಿದ ಆ ಏರಿದ ಹಲ್ಲನ್ನು ನೋಡಿದಳು. ಕನಿಕರ ಬರಬೇಕಿತ್ತು. ಬರಲಿಲ್ಲ.

"ಅದಕ್ಕೇ ಮುಚ್ಚಿದ್ರಾ? ಹೊರಗೆ ಕೂತಿರೋರು ಗೊಂಬೆ ಬಾಯಿ ನೋಡಿ, ಅಯ್ಯೋ ಇದು ಡಾಕ್ಟ್ರ ವಸಡು ಅಂತಿದ್ರಾ?"

"ನನಗೆ ಗೊತ್ತಾಗುತ್ತಲ್ಲ."

"ನಿಮ್ಮೊಬ್ಬರಿಗೆ! ನಿಮ್ಮೊಬ್ಬರ ನಾಚಿಕೆಗೆ ಅವಳ ಕೆಲಸ ಹೋಗಬೇಕಾ? ನಿಮ್ಮನ್ನ ಗೇಲಿ ಮಾಡೋಕೆ ಅತ್ತೆ ಇದನ್ನ ಮಾಡಿದ್ಲು ಅಂತ ತಿಳ್ಕೊಂಡ್ರಾ? ಊರಿನ ಬಾಯೆಲ್ಲ ಅವಳ ಕಪಾಟಿನಲ್ಲಿತ್ತು ಅಪ್ಪ. ಅಷ್ಟರಲ್ಲಿ ಇದನ್ನ ಆರಿಸಿಕೊಂಡಿದ್ಲು. ನಕ್ಕಿದ್ದಕ್ಕೆ ಆರಿಸಿಕೊಂಡಿದ್ಲು."

ಡಾಕ್ಟರು ಗೊಂಬೆಯ ಕಡೆ ನೋಡಲಿಲ್ಲ. ಹೊರಗೆ ವ್ಯಾನು ಹಿಂದಕ್ಕೆ ಬರುವ ಸದ್ದು, ಯಾರೋ "ಇನ್ನೂ ಬರಲಿ, ಬರಲಿ" ಎನ್ನುವುದು ಕೇಳಿಸಿತು.

ಅವಳು ಡಬ್ಬಿಯಿಂದ ಹಸಿ ಜೇಡಿ ತೆಗೆದಳು. ಗುಂಡಿಗಳ ಒಳಗೋಡೆಗೆ ಸೂಜಿಯಿಂದ ಗೀರು ಹಾಕಿ, ನೀರು ಸವರಿ, ಮಣ್ಣು ತುಂಬಿದಳು. ತುಂಬುವುದು ಬಂತು. ಆಕಾರ ಬರಲಿಲ್ಲ. ಅವಳ ಹೆಬ್ಬೆರಳು ಮಾಡಿದ ವಸಡು ಬಕೆಟ್ಟಿನ ಅಂಚಿನ ಹಾಗೆ ಉರುಟಾಗಿತ್ತು. ಕೆತ್ತಿ ತೆಗೆದು ಮತ್ತೆ ಮಾಡಿದಳು. ಮತ್ತೂ ಹಾಗೇ ಬಂತು. ಮೇಲ್ದುಟಿಯ ಬಿಳುಪು ಕೆನ್ನೆಯವರೆಗೆ ಹಬ್ಬಿತ್ತು.

"ಕೊಡು," ಎಂದರು ಡಾಕ್ಟರು. "ನಾನೇ ಮಾಡ್ತೀನಿ. ನನಗೆ ಗೊತ್ತು ಅದು ಹೇಗಿತ್ತು ಅಂತ."

"ನಿಮ್ಮ ಕೈ ಬೇಡ ಅಪ್ಪ. ಬಾಯಿ ಸಾಕು."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕತ್ತಿನವರೆಗೆ ಕೆಂಪೇರಿತು. "ಏನಂದೆ? ಹೊರಗೆ ನನ್ನ ತಂಗಿ ಮಲಗಿದ್ದಾಳೆ..."

"ಮಲಗಿದ್ದಾಳೆ. ಎದ್ದು ಬಂದು ಇದನ್ನ ತಿದ್ದೋಕೆ ಅವಳಿಗಾಗಲ್ಲ. ಅವಳು ನೋಡಿಕೊಂಡು ಮಾಡಿದ್ದು ಇನ್ನೂ ಇಲ್ಲೇ ಇದೆ, ನಿಮ್ಮ ತುಟಿ ಹಿಂದೆ."

ಡಾಕ್ಟರು ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಗೋಡೆಗೆ ತಿರುಗಿ, ಏನೋ ಮಾಡಿ, ಅದನ್ನು ಮಡಚಿ ಜೇಬಿಗೆ ಇಳಿಬಿಟ್ಟರು. ತಿರುಗಿದಾಗ ಅವರ ಮುಖ ಬೆರಳೆರಡರಷ್ಟು ಗಿಡ್ಡವಾಗಿತ್ತು. ರೋಗಿಗಳ ಅಳತೆ ತೆಗೆಯುವ ಕುಳ್ಳ ಸ್ಟೂಲನ್ನು ಎಳೆದುಕೊಂಡು ಗಾಳಿಯಮ್ಮನ ಪಕ್ಕ ಕೂತರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವಳ ತಾಯಿ, ಹಿಂದೆ ದರ್ಜಿ, ಮೇಷ್ಟ್ರು, ಅವರ ಹಿಂದೆ ಬೇಕರಿಯವನ ತಾಯಿ ಕತ್ತು ನೀಳ ಮಾಡಿಕೊಂಡು ನಿಂತಿದ್ದರು. "ವ್ಯಾನು ಬಂತು ಕಣ್ರೀ, ಎಲ್ಲ ಕಾಯ್ತಿದ್ದಾರೆ..." ಎಂದು ಶುರುಮಾಡಿದ ತಾಯಿ ಅಲ್ಲಿಗೇ ನಿಂತಳು.

"ಬಾಗಿಲು ಹಾಕು," ಎಂದರು ಡಾಕ್ಟರು ಅಂಗೈಯಿಂದ ಬಾಯಿ ಮುಚ್ಚಿಕೊಂಡು. ಮಾತು ಉಸಿರಿನ ಹಾಗೆ ಬಂತು.

"ನನ್ನ ಕೈಯೆಲ್ಲ ಮಣ್ಣು," ಎಂದಳು ಮಗಳು.

ಬಾಗಿಲಲ್ಲಿ ನಿಂತವರು ಯಾರೂ ಅಲುಗಲಿಲ್ಲ. ಅವಳು ಒದ್ದೆ ಬೆರಳುಗಳಿಂದ ಅಪ್ಪನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಳಿಸಿದಳು. ಬಿಳಿ ತೋಳಿನ ಮೇಲೆ ಮಣ್ಣಿನ ಬೆರಳುಗಳು ಮೂಡಿದವು.

"ಆ ಅನ್ನಿ."

ಡಾಕ್ಟರ ಬಾಯಿ ತೆರೆಯಿತು.

"ಸಾಲದು. ಇನ್ನೂ ಅಗಲ ಮಾಡಿ. ಬೆಳಕಿನ ಕಡೆ ತಿರುಗಿ."

ಅವರು ಬಾಗಿಲ ಕಡೆ ತಿರುಗಿದರು. ಅಲ್ಲಿಂದ ಬರುತ್ತಿದ್ದ ಹಗಲು ಬಾಯೊಳಗೆ ಗಂಟಲಿನವರೆಗೆ ಇಳಿಯಿತು. ಒದ್ದೆಯಾಗಿ ಹೊಳೆಯುತ್ತಿದ್ದ ವಸಡಿನ ದಿಣ್ಣೆ, ಬಲಗಡೆಯ ಗಂಟು, ಎಲ್ಲವೂ ಕಂಡವು. ಮಗಳು ಒಂದು ಹೆಬ್ಬೆರಳನ್ನು ಮಣ್ಣಿನ ಮೇಲಿಟ್ಟು, ಬಾಗಿ, ಅಪ್ಪನ ಬಾಯೊಳಗೆ ನೋಡತೊಡಗಿದಳು.